ನೆರೆಯ ತಾಲೀಮೂ ಎಚ್ಚರಿಕೆಯ ಕನ್ನಡವೂ

ವಿಮರ್ಶೆಯು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆಯು ರೂಢಿಯಲ್ಲಿದ್ದರೂ, ಆಡಿದ ಮಾತು ಕೇಳಿದವನಲ್ಲಿ ಉದ್ದೇಶಿಸಿದ ಅರ್ಥವನ್ನೇ ಹುಟ್ಟಿಸಿತೆ ಎಂಬ ಪ್ರಶ್ನೆಯು ಎಲ್ಲ ಬಗೆಯ ಬರೆವಣಿಗೆಗೂ ಸಮಾನವಾದುದು. ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತುವ ಬರೆವಣಿಗೆಯೊಂದು ಕೃಷ್ಣಾತೀರದಲ್ಲಿ ಮಳೆಗಾಲ ಬಂದಾಗಲೆಲ್ಲ ಹುಟ್ಟುತ್ತದೆ. ಅದು ನೆರೆಯ ಎಚ್ಚರಿಕೆ. ಅದಕ್ಕೆ ಕರ್ತೃವಿನ ಹೆಸರಿಲ್ಲ, ಎರಡನೆಯ ಮುದ್ರಣವಿಲ್ಲ. ಅರ್ಥವಾಗದೆ ಹೋದರೆ ಮರಳಿ ಓದುವುದಕ್ಕೆ ಅವಕಾಶವೂ ಇಲ್ಲ.

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿಂದ ಬೆಳೆದ ಊರು. ಕ್ಯೂಸೆಕ್, ಟಿ.ಎಂ.ಸಿ., ಗೇಟು, ಒಳಹರಿವು, ಹೊರಹರಿವು ಎಂಬ ಶಬ್ದಗಳು ಇಲ್ಲಿಯ ಕಚೇರಿಗಳಲ್ಲಿ ದಿನಬಳಕೆಯ ಮಾತುಗಳು. ಆಲಮಟ್ಟಿಯಿಂದ ಬಂದ ನೀರು 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರವನ್ನು ತುಂಬಿ, ಅದರ 30 ಗೇಟುಗಳ ಮೂಲಕ ಹೊರಬಿದ್ದು, ಛಾಯಾ ಭಗವತಿಯ ಗುಡಿಯನ್ನು ತೊಳೆದು, ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯನ್ನು ಸುತ್ತುವರಿದು, ಶಹಾಪುರ ದೇವದುರ್ಗಗಳ ನಡುವಿನ ಸೇತುವೆಯನ್ನು ಮುಟ್ಟುತ್ತದೆ. 2009ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲಿನವರೆಗೆ ಉತ್ತರ ಕರ್ನಾಟಕದ ಮೇಲೆ ಬಂದೆರಗಿದ ಮಳೆಯೂ, 2019ರ ಆಗಸ್ಟ್ ತಿಂಗಳ ಮಹಾಪೂರವೂ ಈ ದಂಡೆಗಳ ಜನಕ್ಕೆ ಮರೆಯುವಂಥವಲ್ಲ. ಇಂಥ ಸಂದರ್ಭದಲ್ಲಿ ಜಲನಿಗಮದ ಎಂಜಿನಿಯರರು, ಕಂದಾಯದವರು, ಪೊಲೀಸರು, ಅಗ್ನಿಶಾಮಕ ದಳದವರು, ಆಸ್ಪತ್ರೆಯವರು, ಹೊರಗಿನಿಂದ ಬರುವ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯವರು ಎಲ್ಲರೂ ಒಂದೇ ಹೊಳೆಯ ಕುರಿತು ಮಾತಾಡತಕ್ಕವರು. ಅವರು ಒಂದೇ ಭಾಷೆಯಲ್ಲಿ ಮಾತಾಡುವರೆ ಎಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯವು.

ಎಚ್ಚರಿಕೆಯ ವಾಕ್ಯವು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಎರಕಗೊಂಡಿರುತ್ತದೆ. ಇಷ್ಟು ಲಕ್ಷ ಕ್ಯೂಸೆಕ್ ನೀರನ್ನು ಬಿಡಲಾಗುವುದು; ನದಿಪಾತ್ರದ ಜನರು ಎಚ್ಚರದಿಂದಿರಬೇಕು ಎಂಬಷ್ಟೇ ಅದರ ಸಾರ. ಕ್ಯೂಸೆಕ್ ಎಂಬುದು ಒಂದು ಸೆಕೆಂಡಿಗೆ ಹರಿಯುವ ಒಂದು ಘನ ಅಡಿ ನೀರು. ಒಂದು ಲಕ್ಷ ಕ್ಯೂಸೆಕ್ ಒಂದು ದಿನವೆಲ್ಲ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ. ಗೇಟು ಎತ್ತುವವನಿಗೆ ಇದಕ್ಕಿಂತ ನಿರ್ದುಷ್ಟವಾದ ಮಾತಿಲ್ಲ. ಆದರೆ ದಡದ ರೈತನಿಗೆ ಬೇಕಾದುದು ಹರಿವಿನ ಪರಿಮಾಣವಲ್ಲ, ನೀರಿನ ಎತ್ತರ: ಪಂಪ್‌ಸೆಟ್ಟು ಮುಳುಗುವುದೇ, ದಾರಿಯು ಕಡಿದುಹೋಗುವುದೇ, ಎಷ್ಟು ಹೊತ್ತಿನೊಳಗೆ? ಸಂಖ್ಯೆಯು ಸತ್ಯವಾಗಿದ್ದೂ ಸಂದೇಶವು ನಿಷ್ಫಲವಾಗಬಹುದು. ಛಾಯಾ ಭಗವತಿಯ ಗುಡಿಯ ಮೆಟ್ಟಿಲುಗಳನ್ನು ನೋಡಿ ನೀರನ್ನು ಅಳೆಯುವ ಕಣ್ಣು ಈ ಸೀಮೆಯಲ್ಲಿ ಇದೆ. ಕ್ಯೂಸೆಕ್ಕಿನ ಪಕ್ಕದಲ್ಲಿ ಆ ಅಳತೆಯನ್ನೂ ಇಟ್ಟು ಹೇಳಿದರೆ ಶಾಸ್ತ್ರಕ್ಕೆ ಕುಂದೇನೂ ಬರಲಾರದು.

“ನದಿಪಾತ್ರದ ಜನರು” ಎಂಬ ಪ್ರಯೋಗವನ್ನೂ ನೋಡಬೇಕು. ಪಾತ್ರವೆಂದರೆ ನೀರು ಹರಿಯುವ ತಾವು. ಅಲ್ಲಿ ಮೀನುಗಳು ವಾಸಿಸುತ್ತವೆ, ಜನರಲ್ಲ. ದಡದವರು, ಹೊಳೆಸಾಲಿನ ಹಳ್ಳಿಯವರು ಎಂಬ ಮಾತುಗಳಿರುವಾಗ ಈ ಪಂಡಿತಪದವು ಯಾರನ್ನು ಕರೆಯುತ್ತಿದೆಯೆಂಬುದೇ ಕೇಳಿದವನಿಗೆ ತಿಳಿಯದು. “ಎಚ್ಚರದಿಂದಿರಬೇಕು” ಎಂಬುದೂ ಇಂಥದೇ. ಅದರಲ್ಲಿ ಕ್ರಿಯಾಪದವಿದ್ದರೂ ಕ್ರಿಯೆಯಿಲ್ಲ. ದನಗಳನ್ನು ಬಿಚ್ಚಬೇಕೆ, ಮನೆ ಬಿಡಬೇಕೆ, ಯಾವ ಶಾಲೆಗೆ ಹೋಗಬೇಕು ಎಂಬುದು ಅದರಿಂದ ಹೊರಡುವುದಿಲ್ಲ. ಹಿಂದಿನ ಡಂಗುರದವನು ಇವರಿಗಿಂತ ಒಳ್ಳೆಯ ಗದ್ಯಕಾರನೆಂದರೆ ಅತಿಶಯೋಕ್ತಿಯಾಗದು. ಮೊದಲು ತಮಟೆ, ಬಳಿಕ ಯಾರ ಅಪ್ಪಣೆ, ಯಾರಿಗೆ, ಏನು ಮಾಡತಕ್ಕದ್ದು, ಯಾವ ಹೊತ್ತಿನೊಳಗೆ ಎಂಬ ಕ್ರಮವನ್ನು ಅವನು ತಪ್ಪುತ್ತಿರಲಿಲ್ಲ.

ಪರದೇಶದವರು ಈ ತೊಡಕನ್ನು ಅನುಭವದಿಂದ ಕಲಿತರು. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಾಡುಗಿಚ್ಚುಗಳು ಹಬ್ಬಿದಾಗ ಹಲವು ದಳಗಳು ಕೂಡಿ ಹೋರಾಡಿದುವು. ಒಬ್ಬರ ಪರಿಭಾಷೆಯು ಮತ್ತೊಬ್ಬರಿಗೆ ಹೊಂದದಿದ್ದುದು ಆಗ ಕಂಡುಬಂದ ದೋಷಗಳಲ್ಲಿ ಒಂದು. ಆ ದಶಕದಲ್ಲಿ ಅಲ್ಲಿ ರೂಪುಗೊಂಡ ಆಜ್ಞಾವ್ಯವಸ್ಥೆಯಲ್ಲಿ ಎಲ್ಲರಿಗೂ ಸಮಾನವಾದ ಪರಿಭಾಷೆಯಿರಬೇಕೆಂಬುದು ಮೂಲಸೂತ್ರಗಳಲ್ಲಿ ಸೇರಿತು. ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯಿದೆಯ ತರುವಾಯ, 2010ರಲ್ಲಿ ರಾಷ್ಟ್ರೀಯ ಪ್ರಾಧಿಕಾರವು ಇದೇ ಜಾತಿಯ ವ್ಯವಸ್ಥೆಗೆ ಮಾರ್ಗಸೂಚಿಯನ್ನು ಹೊರಡಿಸಿತು. ಸೂತ್ರವು ಬಂದಿದೆ, ಅದಕ್ಕೆ ಕನ್ನಡದ ಭಾಷ್ಯವು ಇನ್ನೂ ಬರಬೇಕಾಗಿದೆ.

ಭಾಷ್ಯವಿಲ್ಲದ ಕೊರತೆಯು ತರಬೇತಿಯ ಹೆಸರಿನಲ್ಲಿಯೇ ಎದ್ದು ಕಾಣುತ್ತದೆ. ಮಳೆಗಾಲಕ್ಕೆ ಮುನ್ನ ನಡೆಯುವ ಅಭ್ಯಾಸಗಳನ್ನು ಪತ್ರಿಕೆಗಳೂ ಪ್ರಕಟಣೆಗಳೂ “ಅಣಕು ಪ್ರದರ್ಶನ” ಎಂದು ಕರೆಯುತ್ತವೆ. 2025ರ ಮೇ 7ರಂದು ದೇಶದಲ್ಲೆಲ್ಲ ನಾಗರಿಕ ರಕ್ಷಣೆಯ ಅಭ್ಯಾಸವು ನಡೆದಾಗಲೂ ಈ ಅಣಕು ತಪ್ಪಲಿಲ್ಲ. ಅಣಕವೆಂದರೆ ಕನ್ನಡದಲ್ಲಿ ಪರಿಹಾಸ್ಯ. ಪ್ರದರ್ಶನವೆಂದರೆ ನೋಡುವವರಿಗಾಗಿ ಮಾಡಿ ತೋರಿಸುವುದು. ಇಂಗ್ಲಿಷಿನ ಪದಕ್ಕೆ ಪದವಿಟ್ಟುದರ ಫಲವಾಗಿ, ಪ್ರಾಣರಕ್ಷಣೆಯ ಸಾಧನೆಯು ಹೆಸರಿನಲ್ಲಿ ನಗೆಯಾಟವಾಯಿತು. ಹಿಂದೆ ನಿಜಾಮರ ಸೀಮೆಯಾಗಿದ್ದ ಈ ಪ್ರಾಂತದಲ್ಲಿ ಇದಕ್ಕೆ ಒಪ್ಪುವ ಶಬ್ದವು ಬೀದಿಯಲ್ಲಿಯೇ ಬಿದ್ದಿದೆ: ತಾಲೀಮು. ಪೈಲ್ವಾನನ ಸಾಧನೆಗೂ ಬಯಲಾಟದವರ ಪೂರ್ವಾಭ್ಯಾಸಕ್ಕೂ ಈ ಒಂದೇ ಮಾತು ಸಲ್ಲುತ್ತದೆ. ತಾಲೀಮಿನಲ್ಲಿ ತಪ್ಪು ಮಾಡಿದವನನ್ನು ನಿಲ್ಲಿಸಿ ಮತ್ತೆ ಮಾಡಿಸುವರು. ಪ್ರದರ್ಶನದಲ್ಲಿ ತಪ್ಪನ್ನು ಮುಚ್ಚುವರು. ಹೆಸರು ಕೆಲಸದ ಸ್ವರೂಪವನ್ನೇ ತಿದ್ದುವುದುಂಟು.

ಸಂದೇಶವನ್ನು ಪಡೆದವನು ಅದನ್ನು ತಿರುಗಿ ನುಡಿದು ತೋರಿಸಬೇಕೆಂಬುದು ನಿಸ್ತಂತುವಿನ ತರಬೇತಿಯ ಮೊದಲ ಪಾಠ. ಇದಕ್ಕೂ ಹೊಸ ಶಬ್ದವನ್ನು ಟಂಕಿಸಲು ಹೊರಡಬೇಕಾಗಿಲ್ಲ. ಮಗ್ಗಿಯನ್ನು ಮಾಸ್ತರರಿಗೆ “ಒಪ್ಪಿಸಿ”ದವರಿಗೆಲ್ಲ ಈ ವಿಧಾನವು ಗೊತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದುದು ಸ್ಥಳನಾಮಗಳ ಪ್ರಶ್ನೆ. ಭೀಮರಾಯನಗುಡಿಯೇ ಬಳಕೆಯಲ್ಲಿ “ಬಿ. ಗುಡಿ”ಯಾಗಿದೆ. ಗಡ್ಡಿಯೆಂದರೆ ಹೊಳೆಯ ನಡುವಿನ ದಿಬ್ಬವೆಂದು ಸುರಪುರದವನಿಗೆ ಹೇಳಬೇಕಾಗಿಲ್ಲ. ಆ ಹೆಸರೇ ಅವನಿಗೆ ಎಚ್ಚರಿಕೆ. ದಕ್ಷಿಣದಿಂದ ವರ್ಗವಾಗಿ ಬಂದ ಅಧಿಕಾರಿಯ ಕಿವಿಗೆ ಅದು ಗೆಡ್ಡೆಯೋ ಗದ್ದೆಯೋ ಆಗಿ ಕೇಳಿಸೀತು. ಆಂಧ್ರದ ನೆಲೆಯಿಂದ ಬರುವ, ಹಿಂದಿಯಲ್ಲಿ ವ್ಯವಹರಿಸುವ ರಕ್ಷಣಾಪಡೆಯವನಿಗೆ ಅದು ಬರಿಯ ನಾದ. ಇಲ್ಲಿಯವರು “ಹೊಳಿ ಬಂತು” ಎಂದರೆ ನದಿಯು ಎಲ್ಲಿಂದಲೋ ಹೊಸದಾಗಿ ಬಂದಿತೆಂದಲ್ಲ, ಪೂರ ಏರಿತೆಂದು ಅರ್ಥ. ಕನ್ನಡದ ದೇಸಿಗಳು ಎಣಿಕೆಗೆ ಸಿಕ್ಕವೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಬೇಸತ್ತುಕೊಂಡಿತ್ತು. ಕವಿಗೆ ಅದು ದೋಷವಿಚಾರ; ದೋಣಿ ನಡೆಸುವವನಿಗೆ ಹಾಗಲ್ಲ.

ಶಹಾಪುರ ದೇವದುರ್ಗಗಳ ನಡುವಿನ ಆ ಸೇತುವೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಯಾದಗಿರಿ ಜಿಲ್ಲೆಯ ದಡದಲ್ಲಿ ಅದು ಕೊಳ್ಳೂರು ಸೇತುವೆ. ರಾಯಚೂರು ಜಿಲ್ಲೆಯ ದಡದಲ್ಲಿ ಹೂವಿನಹೆಡಗಿ ಸೇತುವೆ. ಎರಡು ಹೆಸರುಗಳೂ ಸಾಧುವೇ. ಆದರೆ ಕೊಳ್ಳೂರು ಸೇತುವೆಯು ಮುಳುಗಿತೆಂಬ ವಾರ್ತೆಯನ್ನೂ ಹೂವಿನಹೆಡಗಿ ಸೇತುವೆಯು ಮುಳುಗಿತೆಂಬ ವಾರ್ತೆಯನ್ನೂ ಒಟ್ಟಿಗೆ ಕೇಳಿದ ಹೊರಗಿನವನು ಎರಡು ಸೇತುವೆಗಳು ಮುಳುಗಿದುವೆಂದು ಲೆಕ್ಕ ಹಾಕದಿರುವುದು ಹೇಗೆ? ಒಂದನ್ನು ಮಾತ್ರ ಕೇಳಿದವನು ಇನ್ನೊಂದರ ಮೇಲೆ ವಾಹನವನ್ನು ಕಳುಹಿಸಬಹುದೆಂದು ನಂಬಿದರೆ ಅವನನ್ನು ದೂರುವುದು ಹೇಗೆ? ಇಲ್ಲಿ ಪರ್ಯಾಯಪದವು ಕೋಶದಲ್ಲಿರುವಷ್ಟು ನಿರಪಾಯವಾದುದಲ್ಲ.

ಎರಡು ಹೆಸರುಗಳಲ್ಲಿ ಒಂದನ್ನು ಅಳಿಸಬೇಕೆಂದು ಇದರಿಂದ ಸಾಧಿಸಲಾಗದು. ಅಳಿಸಿದರೆ ಒಂದು ದಡದವರಿಗೆ ತಮ್ಮ ಸೇತುವೆಯೇ ತಿಳಿಯದೆ ಹೋದೀತು. ಎರಡನ್ನೂ ಜೊತೆಯಾಗಿ ಉಚ್ಚರಿಸುವ ರೂಢಿಯನ್ನು ತಾಲೀಮಿನಲ್ಲಿ ಬೆಳೆಸಬೇಕು. ಅದಕ್ಕೆ ಎರಡು ಜಿಲ್ಲೆಗಳವರೂ ಮುಂಗಾರಿಗೆ ಮುನ್ನ ಆ ಸೇತುವೆಯ ಎರಡು ತುದಿಗಳಲ್ಲಿ ನಿಂತು, ಒಬ್ಬರು ಹೇಳಿದುದನ್ನು ಇನ್ನೊಬ್ಬರು ನಿಸ್ತಂತುವಿನಲ್ಲಿ ಒಪ್ಪಿಸಬೇಕು. ಆ ಸಾಲಿನಲ್ಲಿ ಕೊಳ್ಳೂರಿನ ಅಂಬಿಗನೊಬ್ಬನೂ ಹೂವಿನಹೆಡಗಿಯ ಮಾಸ್ತರರೊಬ್ಬರೂ ನಿಂತು ಕೇಳಿ, ತಮಗೆ ತಿಳಿಯದ ಶಬ್ದಗಳನ್ನು ಅಲ್ಲಿಯೇ ಗುರುತುಮಾಡಿಸಬೇಕು.