ಹಸಿವಿನ ಆಟ: ಒಂದು ಜಪಾನೀ ಕೃತಿಯ ಗುಣದೋಷ ವಿಚಾರ

ಕಳೆದ ಆಷಾಢದಲ್ಲಿ, ಕುಂದೂರಿನ ನಮ್ಮ ಮನೆಯಿಂದ ಹೊರಗೆ ಕಾಲಿಡಲಾಗದಂತೆ ಮಳೆ ಹಿಡಿದಿದ್ದ ದಿವಸಗಳಲ್ಲಿ, ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನು ತನ್ನ ಹಳೆಯ ಪ್ಲೇಸ್ಟೇಷನ್ 2 ಯಂತ್ರವನ್ನು ದೂರದರ್ಶನಕ್ಕೆ ಜೋಡಿಸಿ ಆಟವೊಂದನ್ನು ಆಡುತ್ತಿದ್ದನು. ಪರದೆಯ ಮೇಲೆಯೂ ಮಳೆಯೇ. ಇವನು ವಾಯು, ಇವನು ಅಗ್ನಿ, ಇವಳು ಪೃಥ್ವಿ ಎಂದು ಅವನು ಗುರುತು ಹೇಳಿದುದನ್ನು ಕೇಳಿ ಕುತೂಹಲದಿಂದ ಪಕ್ಕದಲ್ಲಿ ಕುಳಿತವನು ಹದಿನೈದು ದಿನ ಅಲ್ಲಿಂದ ಏಳಲಿಲ್ಲ. ‘ಡಿಜಿಟಲ್ ಡೆವಿಲ್ ಸಾಗಾ’ ಎಂಬುದು ಅದರ ಹೆಸರು. ಅಟ್ಲಸ್ ಸಂಸ್ಥೆಯವರು 2004ರ ಜುಲೈಯಲ್ಲಿ ಜಪಾನಿನಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಆವೃತ್ತಿ ಮರುವರ್ಷ ಅಮೆರಿಕದಲ್ಲಿ ಹೊರಬಂದಿತು. ಆಟವೆಂದ ಮಾತ್ರಕ್ಕೆ ಇದು ವಿಮರ್ಶೆಗೆ ಅನರ್ಹವೆಂದು ವಾಚಕರು ಭಾವಿಸಬಾರದು. ಈ ಜಾತಿಯ ಆಟಗಳಲ್ಲಿ ಆಡತಕ್ಕವನೇ ಪಾತ್ರಗಳನ್ನು ನಡೆಸಿ, ಕಾಳಗಗಳಲ್ಲಿ ಅವುಗಳ ಬಲವನ್ನು ಬೆಳೆಸಿ, ಹತ್ತಾರು ಗಂಟೆಗಳ ಕಥೆಯನ್ನು ಕೊನೆ ಮುಟ್ಟಿಸಬೇಕು. ದೃಶ್ಯಕಾವ್ಯಕ್ಕೆ ಇದು ದೂರದ ದಾಯಾದಿಯೆನ್ನಬಹುದು.

ಕಥೆಯಿದು. ಸೂರ್ಯನಿಲ್ಲದ, ಎಡೆಬಿಡದೆ ಮಳೆಗರೆಯುವ ಜಂಕ್‌ಯಾರ್ಡ್ ಎಂಬ ಬೂದುಬಣ್ಣದ ನಾಡಿನಲ್ಲಿ ಆರು ಪಂಗಡಗಳು ಹೋರಾಡುತ್ತಿವೆ; ಎಲ್ಲರನ್ನೂ ಗೆದ್ದವರಿಗೆ ‘ನಿರ್ವಾಣ’ವೆಂದು ಕರ್ಮಮಂದಿರದ ಶಾಸನ. ಅಲ್ಲಿಯವರಿಗೆ ಶೋಕವೂ ಇಲ್ಲ, ಸ್ನೇಹವೂ ಇಲ್ಲ. ಒಂದು ದಿನ ಅಂಡಾಕೃತಿಯ ವಸ್ತುವೊಂದು ಒಡೆದು, ಅದರ ಬೆಳಕು ತಗುಲಿದವರ ಮೈಮೇಲೆ ‘ಆತ್ಮ’ವೆಂಬ ಮುದ್ರೆ ಮೂಡುವುದು. ಆಮೇಲೆ ಅವರು ರಾಕ್ಷಸರೂಪ ತಾಳಿ ಶತ್ರುಗಳನ್ನು ಭಕ್ಷಿಸತಕ್ಕವರಾಗುವರು. ಭಕ್ಷಿಸದಿದ್ದರೆ ಹಸಿವು ಬುದ್ಧಿಯನ್ನೇ ಕೆಡಿಸುವುದು. ಆದರೆ ಅವರಲ್ಲಿ ಭಾವಗಳು ಅಂಕುರಿಸುವುದೂ ಆ ಬಳಿಕವೇ. ಹಸಿವೂ ಕರುಣೆಯೂ ಅವಳಿಗಳಾಗಿ ಜನಿಸಿದವೆಂಬ ಈ ಕಲ್ಪನೆಯೇ ಕೃತಿಯ ಪ್ರಾಣ. ತಿನ್ನಲೊಲ್ಲೆನೆಂದು ಹಠ ಹಿಡಿಯುವ ಆರ್ಜಿಲ್ಲಾ, ತಿಂದರೆ ತಪ್ಪೇನೆನ್ನುವ ಹೀಟ್, ಇವರಿಬ್ಬರ ನಡುವೆ ಒಬ್ಬನೂ ಸುಳ್ಳಾಡುತ್ತಿಲ್ಲ. ತೈತ್ತಿರೀಯದ ಭೃಗುವಲ್ಲಿಯಲ್ಲಿ ಅನ್ನವಿಚಾರವನ್ನು ಓದಿದವರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಆದರೆ ಅಲ್ಲಿ ಅದು ಆನಂದದಲ್ಲಿ ಮುಗಿಯುತ್ತದೆ. ಇಲ್ಲಿ ಭಯದಲ್ಲಿ ತೊಡಗುತ್ತದೆ.

ಇನ್ನು ನಾಮಗಳ ವಿಷಯ. ಇದರಲ್ಲಿ ನನಗೆ ಸಂತೋಷವೂ ಆಯಿತು, ಹಲ್ಲು ಕಡಿಯುವಂತೆಯೂ ಆಯಿತು. ಗೇಲ್ ಎಂದರೆ ಬಿರುಗಾಳಿ, ಅವನು ವಾಯುವಾಗುವನು. ಲ್ಯಾಟಿನಿನಲ್ಲಿ ಆರ್ಜಿಲ್ಲಾ ಎಂದರೆ ಜೇಡಿಮಣ್ಣು, ಅವಳು ಪೃಥ್ವಿ. ಸ್ಪ್ಯಾನಿಷ್ ಭಾಷೆಯಲ್ಲಿ ಸಿಯೆಲೊ ಎಂದರೆ ಆಕಾಶ, ಅವನು ದ್ಯೌಃ. ಅಗ್ನಿಗೆ ಎರಡು ತಲೆಗಳನ್ನಿಟ್ಟಿರುವುದನ್ನು ಕಂಡು ಮೊಮ್ಮಗನು ನಕ್ಕನು. ನಮ್ಮ ಶಿಲ್ಪಗಳಲ್ಲಿಯೂ ದ್ವಿಶಿರಸ್ಕನಾದ ಅಗ್ನಿಯುಂಟೆಂದು ಹೇಳಿದ ಮೇಲೆ ಸುಮ್ಮನಾದನು. ಸ್ಥೂಲಕಾಯನಾದ ಮಿಕ್ ಎಂಬ ನಾಯಕನು ರಾಹುವಾಗುವುದಂತೂ ಉಚಿತಜ್ಞತೆಯ ಪರಮಾವಧಿ: ಎಷ್ಟು ನುಂಗಿದರೂ ಉದರವೇ ಇಲ್ಲದವನ ಹಸಿವು ಎಂದಿಗೆ ತೀರೀತು? ವರುಣನನ್ನು ಸುಯಿತೆನ್ ಎಂದೂ ಅಗ್ನಿಯನ್ನು ಕಾತೆನ್ ಎಂದೂ ಬೌದ್ಧಮಾರ್ಗವಾಗಿ ಶತಮಾನಗಳಿಂದ ಬಲ್ಲ ದೇಶಕ್ಕೆ ಇದು ಕೇವಲ ಎರವಲಲ್ಲ.

ಹಾಗಿದ್ದೂ, ಕಥಾನಾಯಕನಾದ ಸರ್ಫ್‌ನ ದೈವವನ್ನು ಇಂಗ್ಲಿಷ್ ಆವೃತ್ತಿಯು ‘ವರ್ಣ’ವೆಂದು ಕರೆಯುವುದು. ವರುಣನೆಂದಿರತಕ್ಕದ್ದು. ಜಪಾನೀ ಲಿಪಿಯಲ್ಲಿ ರೇಫಕ್ಕೂ ರುಕಾರಕ್ಕೂ ಒಂದೇ ಅಕ್ಷರವಾದುದರಿಂದ ವರುಣನೂ ವರ್ಣವೂ ಒಂದೇ ರೀತಿ ಬರೆಯಲ್ಪಡುವುವು. ಭಾಷಾಂತರಕಾರರು ಜಲಾಧಿಪತಿಯನ್ನು ಬಣ್ಣವಾಗಿ ಮಾಡಿಬಿಟ್ಟರು. ಮಂತ್ರಗಳನ್ನು ಹಣ ತೆತ್ತು ಕೊಳ್ಳುವ ವ್ಯವಸ್ಥೆಯೂ ಉಂಟು. ಈ ಕುರಿತು ನಾನು ಏನೂ ಹೇಳುವುದಿಲ್ಲ. ನಮ್ಮಲ್ಲಿಯೂ ಅದು ನಡೆಯದೆ ಇಲ್ಲ.

ನಿಜವಾದ ದೋಷ ಬೇರೆಡೆಯಲ್ಲಿದೆ. ಕೊಂಡ ಮಂತ್ರವು ಸಿದ್ಧಿಸಬೇಕಾದರೆ ಕಾಳಗದಲ್ಲಿ ಅಂಕಗಳನ್ನು ಗಳಿಸಬೇಕು. ಶತ್ರುವನ್ನು ಭಕ್ಷಿಸಿದರೆ ಅಂಕಗಳು ಅಧಿಕ. ಅತಿಯಾಗಿ ತಿಂದವನಿಗೆ ಹೊಟ್ಟೆನೋವೆಂಬುದೊಂದೇ ಶಿಕ್ಷೆ. ಹೀಗಿರಲಾಗಿ, ಕಥೆಯಲ್ಲಿ ಆರ್ಜಿಲ್ಲಾ ಕಣ್ಣೀರಿಟ್ಟ ಮರುಗಳಿಗೆಯಲ್ಲಿಯೇ ನಮ್ಮ ಹುಡುಗನು ಅವಳ ಕೈಯಿಂದಲೇ ಸಾಲಾಗಿ ಶತ್ರುಗಳನ್ನು ನುಂಗಿಸಿ, ಲಾಭವಾಯಿತೆಂದು ಹಿಗ್ಗಿದನು. ಮೊದಲನೆಯ ಸಂಜೆ ಅವನೂ ಹೇಸಿದ್ದನು. ಇದಕ್ಕೆ ವಿಪರ್ಯಾಯವಾಗಿ, ತಿನ್ನದೆ ಆಡಿದವನಿಗೆ ಕಥೆ ಬೆದರಿಸುವ ಬುದ್ಧಿಭ್ರಂಶವೇನೂ ಉಂಟಾಗದು. ಮುನ್ನಡೆ ನಿಧಾನವಾಗುವುದು, ಅಷ್ಟೆ. ಕಥೆಯು ಧರ್ಮಸಂಕಟವೆಂದುದನ್ನು ಆಟದ ನಿಯಮವು ಲೆಕ್ಕದ ಪುಸ್ತಕವಾಗಿ ಮಾಡಿತು. ವ್ರತ ಹಿಡಿದವನಿಗೆ ಹಸಿವಿನ ಬೆಲೆಯನ್ನೂ, ಉಂಡವನಿಗೆ ಉಂಡದ್ದರ ಭಾರವನ್ನೂ ನಿಯಮದಲ್ಲಿಯೇ ಹೊರಿಸಿದ್ದರೆ ಇದು ಮಹಾಕೃತಿಯಾಗುತ್ತಿತ್ತೆಂದು ನಾನು ನಂಬಿದ್ದೇನೆ.

ಕಾಳಗದ ಕ್ರಮವಾದರೋ ಸೊಗಸಾಗಿದೆ. ಎದುರಾಳಿಯ ದೌರ್ಬಲ್ಯವನ್ನು ಮುಟ್ಟಿದರೆ ಇನ್ನೊಂದು ಸರದಿ; ಏಟು ತಪ್ಪಿದರೆ ಇದ್ದ ಸರದಿಯೂ ನಷ್ಟ; ಈ ಕಟ್ಟಳೆ ಶತ್ರುವಿಗೂ ಸಮಾನ. ನಮ್ಮ ಪಾಠಶಾಲೆಯ ವಾದಸಭೆಗಳ ನೆನಪಾಯಿತು. ಆದರೆ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕಾಣದ ಶತ್ರುಗಳು ಬಂದೆರಗುವರು, ಮತ್ತೆ ನಾಲ್ಕು ಹೆಜ್ಜೆಗೆ ಮತ್ತೆ. ಪರಿಪೋಷ ಹೊಂದಿದ ರಸವನ್ನೇ ಪುನಃಪುನಃ ಕೆರಳಿಸುವುದೂ, ರಸವನ್ನು ಅಕಾಲದಲ್ಲಿ ಕಡಿಯುವುದೂ ದೋಷವೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಎಣಿಸಿದ್ದಾನೆ. ಇಲ್ಲಿ ಎರಡೂ ಒಟ್ಟಿಗೆ ಇವೆ.

ಸಂಗೀತವು ಶೋಜಿ ಮೆಗುರೊ ಎಂಬವರದು. ನನ್ನ ಕಿವಿಗೆ ಬಹಳ ಗದ್ದಲವೆನಿಸಿತು, ಮೊಮ್ಮಗನಿಗೆ ಅದೇ ಪ್ರಿಯ. ಪಂಚಸಂಧಿಗಳಲ್ಲಿ ಕೊನೆಯದಾದ ನಿರ್ವಹಣವು ಈ ಭಾಗದಲ್ಲಿ ಇಲ್ಲವೇ ಇಲ್ಲ. ನಾಡು ಕುಸಿಯುತ್ತದೆ, ತೆರೆ ಬೀಳುತ್ತದೆ. ಉಳಿದ ಕಥೆಯನ್ನು 2005ರ ಜನವರಿಯಲ್ಲಿ ಬೇರೊಂದು ಆಟವಾಗಿ ಜಪಾನಿನಲ್ಲಿ ಮಾರಿದರು. ಅದು ಮೊಮ್ಮಗನ ಬಳಿ ಇರಲಿಲ್ಲ. ದೀಪಾವಳಿಗೆ ಬರುವಾಗ ತರುವೆನೆಂದು ಹೇಳಿ ಹೋಗಿದ್ದಾನೆ.