ಕ್ರಿಯಾಪದವಿಲ್ಲದ ಮೆನು

ಪ್ಯಾರಿಸ್ಸಿನ ಪುಟ್ಟ ವೈನ್ ಬಾರುಗಳಲ್ಲಿ ಮೆನುವನ್ನು ಕರಿಹಲಗೆಯ ಮೇಲೆ ಬರೆಯುವ ರೂಢಿಯಿದೆ. ಚಿಕ್ಕ ತಟ್ಟೆಗಳನ್ನು ಹಂಚಿಕೊಂಡು ತಿನ್ನುವ ಅಂಥದ್ದೊಂದು ಬಾರಿನಲ್ಲಿ ಆ ಹಲಗೆಯನ್ನು ನಾನೊಂದು ಪಠ್ಯವಾಗಿ ಓದಿದೆ: 'ಲೀಕ್, ಆಂಚೊವಿ, ಮೊಟ್ಟೆ.' ಬರೀ ನಾಮಪದಗಳು, ನಡುವೆ ಅಲ್ಪವಿರಾಮ. ಹೆಚ್ಚಿದವರು ಯಾರು, ಬೇಯಿಸಿದವರು ಯಾರು? ಕ್ರಿಯಾಪದ ಹೋದಲ್ಲಿ ಕರ್ತೃವೂ ಮರೆಯಾಗುತ್ತಾರೆ. ನಮ್ಮ ಅಡುಗೆಮಾತು ಹುರಿ, ಬಾಡಿಸು, ಒಗ್ಗರಿಸು ಎನ್ನುತ್ತ ಕೈಗಳನ್ನು ಕಾಣಿಸುತ್ತಲೇ ಸಾಗುತ್ತದೆ.

ಗ್ಲಾಸಿನಲ್ಲಿದ್ದ 'ಸಹಜ ವೈನ್' ಎಂಬ ಹೆಸರಿನದೂ ಇದೇ ಕತೆ. ಬೊಜೊಲೆಯ ಜೂಲ್ ಶೋವೆ, ಅವರ ಹಾದಿ ಹಿಡಿದ ಮಾರ್ಸೆಲ್ ಲಾಪಿಯೆರ್ ಮಾಡಿದ ವೈನು ತಾನಾಗಿ ಆದದ್ದಲ್ಲ. ಕಳೆನಾಶಕ ಬಿಟ್ಟರೆ ಮಣ್ಣು ಕೆದಕಬೇಕು. ಸಲ್ಫೈಟ್ ಬಿಟ್ಟರೆ ಕೊಳೆತ ಹಣ್ಣನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. 2020ರಲ್ಲಿ ಫ್ರಾನ್ಸಿನಲ್ಲಿ ಮಾನ್ಯತೆ ಪಡೆದ 'ವ್ಯಾಂ ಮೆತೋದ್ ನತ್ಯೂರ್' ನಿಯಮಾವಳಿ ಈ ಗುಟ್ಟನ್ನು ಬಿಟ್ಟುಕೊಡುತ್ತದೆ: ಸಾವಯವ ದ್ರಾಕ್ಷಿಯನ್ನು ಕೈಯಲ್ಲೇ ಕೊಯ್ಯಬೇಕು, ಹೊರಗಿನ ಯೀಸ್ಟ್ ಬೆರೆಸಬಾರದು, ಸಲ್ಫೈಟ್ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. 'ಮೆತೋದ್' ಎಂದರೆ ವಿಧಾನ. ಸಹಜಕ್ಕೂ ಒಂದು ವಿಧಾನ ಬೇಕಾಯಿತು.

ತಿಂದದ್ದು ರುಚಿಯಾಗಿತ್ತು, ನಿಜ. ಆದರೆ ಸರಳತೆಯನ್ನು ಮೆಚ್ಚುವ ವಿಮರ್ಶೆ ಅದರ ಹಿಂದಿನ ದುಡಿಮೆಯನ್ನು ಓದದಿದ್ದರೆ, ಉಂಡು ಕೈತೊಳೆದು ಎದ್ದವರ ಹೊಗಳಿಕೆಯಾಗಿ ಉಳಿಯುತ್ತದೆ.