ಮಂಗಮ್ಮನ ಕೋಪ

'ಶ್ರೀನಿವಾಸ'ರ 'ಮೊಸರಿನ ಮಂಗಮ್ಮ'ನನ್ನು ಅತ್ತೆಸೊಸೆಯರ ಜಗಳದ ಕಥೆಯೆಂದು ಓದಿ ಮುಗಿಸುವುದು ವಾಡಿಕೆ. ಕೋಪವು ಮನಸ್ಸನ್ನು ಬಿಟ್ಟುಹೋಗುವ ಬಗೆಯನ್ನು ಕುರಿತ ಕಥೆಯಾಗಿಯೂ ಅದು ನಮಗೆ ತೋರುತ್ತದೆ. ಬೆಂಗಳೂರಿಗೆ ವರ್ತನೆಯ ಮೊಸರು ಹೊತ್ತು ನಡೆವ ಈ ಹಳ್ಳಿಯ ಮುದುಕಿ, ಹೊಸಕೋಟೆ ನೆಲಮಂಗಲಗಳ ವಾಚಕರಿಗೆ ಅಪರಿಚಿತಳೇನೂ ಅಲ್ಲ.

ಮನೋವೈದ್ಯರು ಕ್ಷಮೆಯನ್ನು ಈಗ ಚಿಕಿತ್ಸೆಯಾಗಿಯೂ ಪ್ರಯೋಗಿಸುತ್ತಿರುವರು. ಅಮೆರಿಕೆಯ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎನ್‌ರೈಟ್ ಅವರೂ ವೈದ್ಯರಾದ ರಿಚರ್ಡ್ ಫಿಟ್ಸ್‌ಗಿಬನ್ಸ್ ಅವರೂ 2000ದಲ್ಲಿ ಇದನ್ನು ಕುರಿತೇ ಒಂದು ಗ್ರಂಥವನ್ನು ಹೊರತಂದರು. ಅವರ ಕ್ರಮದಲ್ಲಿ ನಾಲ್ಕು ಘಟ್ಟಗಳುಂಟು. ಮೊದಲನೆಯದು ಕ್ಷಮೆಯಲ್ಲ, ಒಳಗೆ ಹುದುಗಿದ ಕೋಪವನ್ನು ಹೊರಗೆಡಹುವುದು. ಕ್ಷಮಿಸುವ ನಿಶ್ಚಯ ಆ ಬಳಿಕ. ತಪ್ಪನ್ನು ತಪ್ಪಲ್ಲವೆನ್ನುವುದು ಕ್ಷಮೆಯಲ್ಲ, ಮರಳಿ ಕೂಡಿ ಬಾಳುವುದೂ ಕ್ಷಮೆಗೆ ಅವಶ್ಯವಲ್ಲ, ಎಂಬುದು ಅವರ ಮತ.

ಕಥೆಯಲ್ಲಿ ನಂಜಮ್ಮ ತನ್ನ ಮಗುವನ್ನು ಹೊಡೆಯುವಳು, ಅತ್ತೆ ಆಕ್ಷೇಪಿಸುವಳು, ಮಗ ಹೆಂಡತಿಯ ಪಕ್ಷ ವಹಿಸುವನು, ಮಂಗಮ್ಮ ಬೇರೆಯಾಗುವಳು. ಈ ಸಂಕಟವನ್ನೆಲ್ಲ ಅವಳು ಮೊಸರು ಕೊಳ್ಳುವ ಮನೆಯೊಡತಿಯ ಮುಂದೆ ಇಷ್ಟಿಷ್ಟಾಗಿ ಹೇಳಿಕೊಳ್ಳುವಳು. ಆ ಕೇಳುವ ಕಿವಿಯೇ ಕಥೆಯ ಜೀವ. ಮೊದಲ ದಿನವೇ "ಕ್ಷಮಿಸಿಬಿಡು" ಎಂದಿದ್ದರೆ ಮುದುಕಿಯ ಬಾಯಿ ಕಟ್ಟಿದಂತಾಗುತ್ತಿತ್ತು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ತಾಳ್ಮೆಯನ್ನು ಬೋಧಿಸುವವರು ಇದನ್ನೇ ಅಲ್ಲವೆ ಮಾಡುವುದು? ಅವಳ ಮಕಮಲ್ಲಿನ ಜಾಕೀಟನ್ನು ಕಂಡು ನಗುವ ಓದುಗರುಂಟು. ನಮಗೆ ನಗು ಬರಲಿಲ್ಲ. ಮನೆಯವರಿಗೆಂದು ಕೂಡಿಟ್ಟ ಹಣವನ್ನು ತನಗೆಂದು ಖರ್ಚುಮಾಡುವುದೂ ಕೋಪದ ಒಂದು ಮಾತು.

ಶಾಸ್ತ್ರಕ್ಕೂ ಕಥೆಗೂ ಭೇದ ಕಾಣುವುದು ಮುಂದೆ. ಎನ್‌ರೈಟರು ಕ್ಷಮೆಯನ್ನು ನೊಂದವರ ಅಂತರಂಗದಿಂದ ಎಬ್ಬಿಸುವರು. ಮಾಸ್ತಿಯವರಲ್ಲಿ ಮೊಮ್ಮಗ ಅಜ್ಜಿಯ ಬಳಿಗೆ ಬಂದುಬಿಡುವನು, ಸಂಸಾರ ಕೂಡುವುದು, ಕ್ಷಮೆಯೆಂಬ ಮಾತನ್ನು ಯಾರೂ ಆಡಬೇಕಾಗುವುದಿಲ್ಲ. ಮಗುವನ್ನು ಕಳುಹಿಸಿದವಳು ನಂಜಮ್ಮನೇ; ಅತ್ತೆಯ ಹಣ ರಂಗಪ್ಪನ ಪಾಲಾದೀತೆಂಬ ಅಳುಕೂ ಅವಳಿಗಿತ್ತು. ಇದು ಶುದ್ಧವಾದ ಕ್ಷಮೆಯಲ್ಲವೆಂದು ಯಾರಾದರೂ ಮೂಗು ಮುರಿದಾರು. ಆದರೆ ಒಂದೇ ಸೂರಿನಡಿ ಬಾಳುವವರಲ್ಲಿ ಎಷ್ಟೋ ವೇಳೆ ಕೂಡುವುದು ಮೊದಲು, ಕೋಪ ಕರಗುವುದು ಆಮೇಲೆ. ಹೀಗೆಂದು ಇದನ್ನು ಎಲ್ಲರಿಗೂ ವಿಧಿಸಲಾಗದು. ಗಂಡನಿಂದ ಪೆಟ್ಟು ತಿಂದು ತವರಿಗೆ ಬಂದವಳಿಗೆ, ಕ್ಷಮಿಸಿದರೂ ಹಿಂದಿರುಗಬೇಕಾಗಿಲ್ಲವೆಂಬ ಆ ವೈದ್ಯರ ಮಾತೇ ಹಿತ.

ಕೊನೆಯಲ್ಲಿ ಮನೆಯೊಡತಿ ಅತ್ತೆಸೊಸೆಯರ ಹೋರಾಟವನ್ನು ಕುರಿತು ಮಾಡುವ ವಿಚಾರ ನಮಗೆ ಅಷ್ಟಾಗಿ ರುಚಿಸಲಿಲ್ಲ. ಅತ್ತೆಯ ಮೊಸರನ್ನು ಸೊಸೆ ಹೊತ್ತು ಬಂದಾಗಲೇ ಹೇಳಬೇಕಾದುದೆಲ್ಲ ಆಗಿಹೋಗಿತ್ತು.